ಆಪ್ತಮಿತ್ರ: ಸ್ಕ್ರಿಪ್ಟ್ ಪ್ರಕಾರ ಎಷ್ಟು, ಕಡಬದ ಪ್ರಕಾರ ಎಷ್ಟು

ಹಾಸ್ಟೆಲ್‌ನಲ್ಲಿ ಕೆಲವು ವಾದಗಳು ಸೆಮಿಸ್ಟರ್ ಮುಗಿದರೂ ಮುಗಿಯಲ್ಲ. ‘ಆಪ್ತಮಿತ್ರ’ ಅನ್ನೋದು ಮಲಯಾಳಂನ ‘ಮಣಿಚಿತ್ರತ್ತಾಳ್’ ಚಿತ್ರದ ಜೆರಾಕ್ಸ್ ಹೌದೋ ಅಲ್ಲವೋ ಎಂಬುದು ಅಂಥದ್ದೊಂದು ವಾದ. 2024ರ ಆಗಸ್ಟ್‌ನಲ್ಲಿ ಮಲಯಾಳಂ ಚಿತ್ರವನ್ನು 4ಕೆ ಮಾಡಿ ಮತ್ತೆ ಥಿಯೇಟರಿಗೆ ಬಿಟ್ಟಾಗ ಇದು ಮತ್ತೆ ಶುರುವಾಯಿತು. ಪಕ್ಕದ ರೂಮಿನವರು “ಸೀನ್ ಟು ಸೀನ್ ಕಾಪಿ ಕಣ್ರೋ, ನಿಮ್ಮದೇನಿದೆ ಅದ್ರಲ್ಲಿ” ಅಂದರು. ನಾವು ಮೂವರು ಗುಬ್ಬಿ, ಕುಣಿಗಲ್, ಪಾವಗಡ ಕಡೆಯವರು. ವಿಷ್ಣುವರ್ಧನ್ ವಿಷಯಕ್ಕೆ ಬಂದರೆ ಸುಮ್ಮನೆ ಕೂರುವ ಜಾತಿಯಲ್ಲ. ಆದರೆ ಎಂಜಿನಿಯರಿಂಗ್ ಓದ್ತಾ ಇದ್ದೀವಿ, ಬರೀ ಕೂಗಾಡಿದರೆ ಆಗಲ್ಲ, ಅಳೆಯಬೇಕು ಅಂತ ತೀರ್ಮಾನಿಸಿದ್ವಿ.

ಅಳೆಯೋದು ಹೇಗೆ? ಒಂದು ಸಿನಿಮಾ ತನ್ನ ಚಿತ್ರಕಥೆಗೆ ಎಷ್ಟು ನಿಷ್ಠವಾಗಿದೆ ಅಂತ ನೋಡಬೇಕಾದರೆ ಶೂಟಿಂಗ್ ಸ್ಕ್ರಿಪ್ಟನ್ನು ಒಂದು ಕಡೆ, ಸಿನಿಮಾವನ್ನು ಇನ್ನೊಂದು ಕಡೆ ಇಟ್ಟುಕೊಳ್ಳಬೇಕು. ರೀಮೇಕ್‌ನಲ್ಲಿ ಇದು ಇನ್ನೂ ಸುಲಭ. ಅಲ್ಲಿ ಮೊದಲ ಸಿನಿಮಾವೇ ಎರಡನೆಯದರ ಶೂಟಿಂಗ್ ಸ್ಕ್ರಿಪ್ಟ್. ಯಾವ ಸೀನ್ ಆದಮೇಲೆ ಯಾವ ಸೀನ್, ಯಾರು ಎಲ್ಲಿ ನಿಂತಿರಬೇಕು, ಎಲ್ಲಿ ಜನ ಹೆದರಬೇಕು, ಎಲ್ಲ ಅದರಲ್ಲೇ ಇರುತ್ತೆ. ಹಾಗಾಗಿ ಒಂದು ಲಾಂಗ್ ನೋಟ್‌ಬುಕ್‌ನಲ್ಲಿ ನಡುವೆ ಗೆರೆ ಎಳೆದು ಎರಡು ಕಾಲಂ ಮಾಡಿದ್ವಿ. ಎಡಕ್ಕೆ 1993, ಬಲಕ್ಕೆ 2004. ಗಿಟ್‌ನಲ್ಲಿ ಡಿಫ್ ತೆಗೀತೀವಲ್ಲ, ಹಾಗೆ. ತೆಗೆದಿದ್ದಕ್ಕೆ ಕೆಂಪು ಪೆನ್, ಸೇರಿಸಿದ್ದಕ್ಕೆ ಹಸಿರು.

ನೋಡೋಕೆ ಜಾಗ ಬೇಕಿತ್ತು. ಹಾಸ್ಟೆಲ್ ವೈಫೈ ಬಗ್ಗೆ ಮಾತಾಡದಿರೋದೇ ವಾಸಿ. ನಮ್ಮಲ್ಲೊಬ್ಬನ ಮನೆ ಕಡಬದಲ್ಲಿ. (ದಕ್ಷಿಣ ಕನ್ನಡದ ಕಡಬ ಅಲ್ಲ. ಫೆಸ್ಟ್‌ಗೆ ಹೋದಲ್ಲೆಲ್ಲ ಇದನ್ನು ಹೇಳಿ ಹೇಳಿ ಸಾಕಾಗಿದೆ. ಇದು ಗುಬ್ಬಿ ತಾಲ್ಲೂಕಿನ ಹೋಬಳಿ. ಶಿಂಷಾ ನೀರಿನ ದೊಡ್ಡ ಕೆರೆ ಇರೋ ಊರು.) ಶನಿವಾರ ಮಧ್ಯಾಹ್ನ ಲ್ಯಾಬ್ ಮುಗಿಸಿ ತುಮಕೂರಿಂದ ಗುಬ್ಬಿಗೆ, ಗುಬ್ಬಿಯಿಂದ ಕಡಬಕ್ಕೆ ಬಸ್ ಹಿಡಿದ್ವಿ. ರಾತ್ರಿ ಮುದ್ದೆ, ಅವರೆಕಾಳು ಸಾರು. ಆಮೇಲೆ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಮೊದಲು ಮಲಯಾಳಂ, ಭಾನುವಾರ ಕನ್ನಡ.

ಮೊದಲ ಒಂದು ಗಂಟೆಯಲ್ಲೇ ಪಕ್ಕದ ರೂಮಿನವರ ಮಾತು ಅರ್ಧ ನಿಜ ಅಂತ ಗೊತ್ತಾಗಿಹೋಯಿತು. ಗಂಡ ಹೆಂಡತಿ ಹಳೇ ಮನೆಗೆ ಬಂದು ಸೇರ್ತಾರೆ. ಬೀಗ ಹಾಕಿದ ಒಂದು ಕೋಣೆ ಇರುತ್ತೆ. ಅದನ್ನು ತೆಗೀಬೇಡಿ ಅಂತ ಹಿರಿಯರು ಹೇಳ್ತಾರೆ, ತೆಗೆದೇ ತೆಗೀತಾಳೆ. ಮನೆಯಲ್ಲಿ ಏನೇನೋ ಆಗುತ್ತೆ. ಅನುಮಾನ ಮನೆಯ ಇನ್ನೊಬ್ಬ ಹುಡುಗಿಯ ಮೇಲೆ ಹೋಗುತ್ತೆ. ಗಂಡನ ಗೆಳೆಯ, ಮನೋವೈದ್ಯ, ಬರ್ತಾನೆ. ಎಲ್ಲರೂ ಅವನನ್ನು ಹುಚ್ಚ ಅಂದ್ಕೊಳ್ಳೋ ಹೊತ್ತಿಗೆ ನಿಜವಾದ ರೋಗಿ ಯಾರು ಅಂತ ಅವನು ಬಿಡಿಸಿ ಹೇಳ್ತಾನೆ. ಎರಡೂ ಕಾಲಂನಲ್ಲಿ ಇದೇ. ಹೆಸರು ಕೂಡ ಪೂರ್ತಿ ಬದಲಾಗಿಲ್ಲ: ಗಂಗಾ ಗಂಗಾನೇ, ನಾಗವಲ್ಲಿ ನಾಗವಲ್ಲೀನೇ. ಎಲ್ಲರಿಗೂ ನೆನಪಿರೋ ಆ ಸೀನು, ಗಂಡ ಹೊರಗೆ ಹೋಗಬೇಡ ಅಂದಾಗ ಗಂಗಾಳ ಕಣ್ಣು, ಕುತ್ತಿಗೆ, ದನಿ ಮೂರೂ ಬದಲಾಗೋದು, ಎರಡರಲ್ಲೂ ಒಂದೇ ಅಳತೆ. ಅಲ್ಲಿ ಶೋಭನಾ, ಇಲ್ಲಿ ನಮ್ಮ ಮುಳಬಾಗಿಲು ಕಡೆಯ ಸೌಂದರ್ಯ. ಶೋಭನಾಗೆ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಸೌಂದರ್ಯ 2004ರ ಏಪ್ರಿಲ್ 17ಕ್ಕೆ ವಿಮಾನ ಅಪಘಾತದಲ್ಲಿ ಹೋದರು, ಸಿನಿಮಾ ಬಂದದ್ದು ಆಗಸ್ಟ್‌ನಲ್ಲಿ. ಜನ ಆ ಸೀನ್ ನೋಡುವಾಗ ಅವರು ಇಲ್ಲ ಅನ್ನೋದು ಗೊತ್ತಿದ್ದೇ ನೋಡ್ತಿದ್ದರು. ಇದನ್ನು ಯಾವ ಸ್ಕ್ರಿಪ್ಟ್ ಬರೆಯೋಕೂ ಆಗಲ್ಲ.

ಇಷ್ಟು ನಿಷ್ಠೆಯಿಂದ ಉಳಿಸಿಕೊಳ್ಳೋಕೆ ಕಾರಣ ಇದೆ. ಮಧು ಮುಟ್ಟಂ ಬರೆದ ಆ ಚಿತ್ರಕಥೆ ಅಷ್ಟು ಬಿಗಿ. ನಿರ್ದೇಶಕ ಫಾಸಿಲ್ ಒಬ್ಬರೇ ಅಲ್ಲ, ಪ್ರಿಯದರ್ಶನ್, ಸಿಬಿ ಮಲಯಿಲ್, ಸಿದ್ದಿಕ್-ಲಾಲ್ ಜೋಡಿ, ಎಲ್ಲರೂ ಬೇರೆ ಬೇರೆ ಯೂನಿಟ್ ಇಟ್ಟುಕೊಂಡು ಅದರ ಭಾಗಗಳನ್ನು ಚಿತ್ರೀಕರಿಸಿದ್ದರು. ಅಷ್ಟು ಜನ ಸೇರಿ ತೆಗೆದ ಸಿನಿಮಾ ಎಲ್ಲೂ ಜಾಯಿಂಟ್ ಬಿಟ್ಟಿಲ್ಲ. ನಮ್ಮ ಮೈಕ್ರೋ ಪ್ರಾಜೆಕ್ಟ್‌ನಲ್ಲಿ ನಾಲ್ಕು ಜನ ನಾಲ್ಕು ಮಾಡ್ಯೂಲ್ ಬರೆದು ಕೊನೇ ದಿನ ಜೋಡಿಸಿದಾಗ ಏನಾಗುತ್ತೆ ಅಂತ ಗೊತ್ತಿರೋರಿಗೆ ಇದು ಎಂಥ ಸಾಧನೆ ಅಂತ ವಿವರಿಸಬೇಕಿಲ್ಲ. ಇದೇ ಪ್ರಿಯದರ್ಶನ್ 2007ರಲ್ಲಿ ಅದನ್ನೇ ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ ಮಾಡಿದರು. ಇನ್ನೊಂದು ಮಜಾ ನೋಡಿ. ಮಲಯಾಳಂನಲ್ಲಿ ಅನುಮಾನಕ್ಕೆ ಸಿಕ್ಕಿಬೀಳೋ ಹುಡುಗಿ ಶ್ರೀದೇವಿ, ಆ ಪಾತ್ರ ಮಾಡಿದ್ದು ನಮ್ಮ ವಿನಯಾ ಪ್ರಸಾದ್. ಕನ್ನಡದಲ್ಲಿ ಆ ಜಾಗಕ್ಕೆ ಪ್ರೇಮಾ ಬಂದರು. ಅಲ್ಲಿಗೆ ಕನ್ನಡದವರನ್ನು ಕಳಿಸಿ, ಇಲ್ಲಿಗೆ ಬೇರೆ ಕನ್ನಡದವರನ್ನೇ ತಂದ ಹಾಗಾಯ್ತು.

ಸ್ಕ್ರಿಪ್ಟಿಗೆ ಅಂಟಿಕೊಂಡರೆ ಸಿನಿಮಾ ಒಳ್ಳೇದಾಗುತ್ತೆ ಅಂತ ಮಾತ್ರ ತಿಳೀಬೇಡಿ. ಹಿಚ್‌ಕಾಕ್‌ನ ‘ಸೈಕೋ’ 1960ರದ್ದು, ಜೋಸೆಫ್ ಸ್ಟೆಫಾನೋ ಬರೆದ ಸ್ಕ್ರಿಪ್ಟ್. ಅದರ ಸ್ನಾನದ ಮನೆ ಕೊಲೆಗೆ ಸಂಗೀತವೇ ಬೇಡ ಅಂತ ಹಿಚ್‌ಕಾಕ್‌ನ ಯೋಜನೆ ಇತ್ತು. ಬರ್ನಾರ್ಡ್ ಹರ್ಮನ್ ಕೇಳದೆ ಪಿಟೀಲು ಕಿರುಚಿಸಿದರು. ಇವತ್ತು ಆ ಸೀನ್ ಅಂದರೆ ಮೊದಲು ನೆನಪಾಗೋದೇ ಆ ಪಿಟೀಲು. 1998ರಲ್ಲಿ ಗಸ್ ವ್ಯಾನ್ ಸ್ಯಾಂಟ್ ಅನ್ನೋ ನಿರ್ದೇಶಕ ಅದೇ ಸ್ಕ್ರಿಪ್ಟ್ ಇಟ್ಟುಕೊಂಡು, ಹೆಚ್ಚುಕಮ್ಮಿ ಅದೇ ಶಾಟ್‌ಗಳನ್ನು ಕಲರ್‌ನಲ್ಲಿ ಮತ್ತೆ ತೆಗೆದರು. ಕದ್ದ ದುಡ್ಡು 40,000 ಡಾಲರ್ ಇದ್ದದ್ದು 4,00,000 ಆಯ್ತು, ಇಂಥ ಸಣ್ಣಪುಟ್ಟ ಬದಲಾವಣೆ ಅಷ್ಟೇ. ಲ್ಯಾಬ್ ರೆಕಾರ್ಡ್ ಕಾಪಿ ಮಾಡಿದ ಹಾಗಿದೆ. ರೀಡಿಂಗ್ ಎಲ್ಲ ಸರಿ, ಜೀವ ಇಲ್ಲ.

ಹಾಗಾದರೆ ನಮ್ಮ ಬಲಗಡೆ ಕಾಲಂನಲ್ಲಿ ಹಸಿರು ಪೆನ್ನು ಎಲ್ಲೆಲ್ಲಿ ಓಡಾಡಿತು?

ಮೊದಲನೆಯದು ಭಾಷೆ. ಮಲಯಾಳಂನಲ್ಲಿ ನಾಗವಲ್ಲಿ ತಂಜಾವೂರಿನ ತಮಿಳು ನರ್ತಕಿ. ಕನ್ನಡದಲ್ಲಿ ಅವಳು ಆಂಧ್ರದವಳು, ಅದಕ್ಕೇ ‘ರಾ ರಾ’ ಹಾಡು ತೆಲುಗಿನಲ್ಲಿದೆ. ಹಿಂದಿಯಲ್ಲಿ ಬಂಗಾಳದವಳು. ತಮಿಳಿನ ‘ಚಂದ್ರಮುಖಿ’ಯಲ್ಲಿ ಮತ್ತೆ ತೆಲುಗು. ಊರು, ಹೆಸರು, ಅರಮನೆ ಏನೇ ಬದಲಾದರೂ ಒಂದು ನಿಯಮ ಯಾರೂ ಮುರಿದಿಲ್ಲ: ನರ್ತಕಿ ಪಕ್ಕದ ಭಾಷೆಯವಳೇ ಆಗಿರಬೇಕು. ಯಾಕೆಂದರೆ ಭಯ ಇರೋದೇ ಅಲ್ಲಿ. ದಿನಾ ನೋಡೋ ಮನೆ ಹೆಂಗಸು ಇದ್ದಕ್ಕಿದ್ದ ಹಾಗೆ ಬೇರೆ ಭಾಷೆ ಮಾತಾಡಬೇಕು. ಈ ನಿಯಮ ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ಎಡವುತ್ತೆ. ಕುಣಿಗಲ್‌ನವನು ಚಿಕ್ಕೋನಿದ್ದಾಗ ‘ರಾ ರಾ’ ಬಂದರೆ ಹೊದಿಕೆಯೊಳಗೆ ಸೇರ್ಕೊಳ್ತಿದ್ದನಂತೆ. ಪಾವಗಡದವನಿಗೆ ಏನೂ ಅನಿಸ್ತಿರಲಿಲ್ಲ. “ನಮ್ಮಜ್ಜಿ ದಿನಾ ಊಟಕ್ಕೆ ಕರೆಯೋದೇ ರಾ ರಾ ಅಂತ” ಅಂದ. ಪಾವಗಡ ಮೂರು ಕಡೆ ಆಂಧ್ರ ಇಟ್ಟುಕೊಂಡ ತಾಲ್ಲೂಕು, ಅಲ್ಲಿ ತೆಲುಗು ದೆವ್ವದ ಭಾಷೆ ಆಗೋದು ಕಷ್ಟ.

ಎರಡನೆಯದು ರಾಜ. ಮಲಯಾಳಂನಲ್ಲಿ ನಾಗವಲ್ಲಿಯನ್ನು ಕೊಂದವನು ಶಂಕರನ್ ತಂಬಿ ಅನ್ನೋ ಮನೆತನದ ಯಜಮಾನ. ಮೋಹನ್‌ಲಾಲ್‌ಗೂ ಆ ಪಾತ್ರಕ್ಕೂ ಸಂಬಂಧ ಇಲ್ಲ, ಅವರು ಡಾಕ್ಟರ್ ಸನ್ನಿ ಮಾತ್ರ, ಅದೂ ಕಥೆ ತುಂಬಾ ದೂರ ಹೋದಮೇಲೆ ಬರ್ತಾರೆ. ಕನ್ನಡದಲ್ಲಿ ಡಾಕ್ಟರ್ ವಿಜಯ್ ಕೂಡ ವಿಷ್ಣುವರ್ಧನ್, ರಾಜಾ ವಿಜಯ ರಾಜೇಂದ್ರ ಬಹದ್ದೂರ್ ಕೂಡ ವಿಷ್ಣುವರ್ಧನ್. ಸ್ಟಾರ್ ಇದ್ದಮೇಲೆ ಡಬಲ್ ರೋಲ್ ಸಹಜ, ನಾವೂ ಶಿಳ್ಳೆ ಹೊಡೆಯೋರೇ. ಆದರೆ ವಾಸಿ ಮಾಡೋನು, ಕೊಂದವನು ಇಬ್ಬರಿಗೂ ಒಂದೇ ಮುಖ ಕೊಟ್ಟ ತಕ್ಷಣ ನೋಡೋರ ತಲೆಯಲ್ಲಿ ಪುನರ್ಜನ್ಮ ಅನ್ನೋ ಲೆಕ್ಕ ಓಡೋಕೆ ಶುರುವಾಗುತ್ತೆ. ಸಿನಿಮಾ ಬಾಯಿಬಿಟ್ಟು ಹೇಳದಿದ್ದರೂ.

ಮೂರನೆಯದು ಹಾವು. ಇದರ ಮೇಲೆ ನಾವು ತುಂಬಾ ಹೊತ್ತು ಕೂತಿದ್ವಿ. ಮಲಯಾಳಂ ಚಿತ್ರದಲ್ಲಿ ಹಾವಿನ ಎಳೆ ಇಲ್ಲ. ನಿರ್ದೇಶಕ ಪಿ. ವಾಸು ಕನ್ನಡಕ್ಕೆ ತಂದಾಗ ಅರಮನೆಯೊಳಗೆ ಒಂದು ದೊಡ್ಡ ಹಾವು ಬಂತು. ಮಧು ಮುಟ್ಟಂ ಬರೆದದ್ದರಲ್ಲಿ ನಡೆಯೋ ಪ್ರತಿಯೊಂದು ವಿಚಿತ್ರಕ್ಕೂ ಡಾಕ್ಟರ್ ಹತ್ತಿರ ಉತ್ತರ ಇದೆ. ಸದ್ದು ಯಾರದು, ಬೆಂಕಿ ಯಾರು ಹಚ್ಚಿದ್ದು, ಎಲ್ಲಕ್ಕೂ. ಲೆಕ್ಕ ಎರಡೂ ಕಡೆ ಸಮ ಬರುತ್ತೆ. ಹಾವು ಮಾತ್ರ ಆ ಲೆಕ್ಕದಲ್ಲಿ ಕೂರಲ್ಲ. ಗಂಗಾಳಿಗೆ ಮನೋರೋಗ ಇದ್ದರೆ ಹಾವಿಗೇನು? ಬೇರೆ ದೇಶದಲ್ಲಿ ಅದು ಬರೀ ಪ್ರಾಣಿ ಅನ್ನಬಹುದಿತ್ತು. ನಮ್ಮಲ್ಲಿ ಅರಳಿಕಟ್ಟೆ ಮೇಲೆ ನಾಗರಕಲ್ಲು ಇಟ್ಟು ಹಾಲೆರೆಯೋ ಜನಕ್ಕೆ, ಹಳೇ ಮನೇಲಿ ಹಾವು ಓಡಾಡಿದರೆ ಅದು ಯಾರೋ, ಏನನ್ನೋ ಕಾಯ್ತಿದೆ ಅಂತಲೇ ಅರ್ಥ. ಚಿತ್ರಕಥೆ ಎಲ್ಲ ಬಾಗಿಲು ಹಾಕಿ ಚಿಲಕ ಹಾಕಿದ್ದರೆ, ಇದೊಂದು ಕಿಂಡಿ ಬಿಟ್ಟ ಹಾಗೆ.

ಇಷ್ಟಾದರೆ ಇದು ಸಿನಿಮಾ ಹುಚ್ಚರ ಲೆಕ್ಕಾಚಾರ ಆಗಿ ಮುಗೀತಿತ್ತು. ಆದರೆ ಭಾನುವಾರ ನಮ್ಮ ಜೊತೆ ಇನ್ನಿಬ್ಬರು ನೋಡ್ತಾ ಕೂತಿದ್ದರು: ಮನೆಯ ಅಜ್ಜಿ, ಮತ್ತೆ ಚಿಕ್ಕಮ್ಮ. ಇನ್ನು ಮುಂದಿನದನ್ನು ಚಿಕ್ಕಮ್ಮನ ಒಪ್ಪಿಗೆ ಕೇಳಿಯೇ ಬರೀತಿದ್ದೀವಿ. “ಹೆಸರೊಂದು ಹಾಕಬೇಡ್ರಪ್ಪ, ಮಿಕ್ಕಿದ್ದು ಬರ್ಕಳಿ” ಅಂದರು.

ಕೆಲವು ವರ್ಷದ ಹಿಂದೆ ಎರಡನೇ ಹೆರಿಗೆ ಆದಮೇಲೆ ಚಿಕ್ಕಮ್ಮನಿಗೆ ನಿದ್ದೆ ಹೋಯಿತು. ಒಂದು ರಾತ್ರಿ ಎರಡು ರಾತ್ರಿ ಅಲ್ಲ, ವಾರಗಟ್ಟಲೆ. ಆಮೇಲೆ ಒಬ್ಬರೇ ಮಾತಾಡೋದು, ಗೋಡೆ ಕಡೆ ಕಿವಿ ಕೊಡೋದು, ಮಗುವನ್ನು ಯಾರೋ ಎತ್ಕೊಂಡು ಹೋಗ್ತಾರೆ ಅಂತ ಬಾಗಿಲು ಕಾಯೋದು. ಗಂಡನ ಮನೆಯವರು ಗಾಳಿ ಸೋಕಿದೆ ಅಂತ ದೆವ್ವ ಬಿಡಿಸೋ ಜಾಗಕ್ಕೆ ಕರ್ಕೊಂಡು ಹೋದರು. ಒಂದು ಅಮಾವಾಸ್ಯೆ, ಎರಡು ಅಮಾವಾಸ್ಯೆ. ಬೇವಿನ ಸೊಪ್ಪಲ್ಲಿ ಹೊಡೆದ ಗುರುತು ಬೆನ್ನ ಮೇಲೆ ತಗೊಂಡು ಬಂದರು. ಮೂರನೇ ಅಮಾವಾಸ್ಯೆಗೆ ಹೊರಟಿದ್ದಾಗ ಅಜ್ಜಿ ಕಡಬದಿಂದ ಹೋಗಿ ಬಾಗಿಲಿಗೆ ಅಡ್ಡ ನಿಂತರು. ಅಜ್ಜಿ ಓದಿದವರಲ್ಲ, ಮನೋರೋಗ ಅನ್ನೋ ಪದ ಕೂಡ ಅವರ ಬಾಯಲ್ಲಿ ಬರಲ್ಲ. ಅವರ ಹತ್ತಿರ ಇದ್ದದ್ದು ಟಿವಿಯಲ್ಲಿ ಎಷ್ಟೋ ಸಲ ನೋಡಿದ ಒಂದು ಸಿನಿಮಾ.

“ಅಲ್ಲ ಕಣ್ರೋ, ಆ ಪಿಚ್ಚರ್‌ನಾಗೆ ಆಚಾರ್ರು ಸೈತ ಡಾಕ್ಟ್ರನ್ನ ಕೇಳ್ಕಂಡೇ ಪೂಜೆ ಮಾಡ್ತಾರೆ. ನಿಮ್ಮ ಮಂತ್ರವಾದಿ ಯಾವ ಡಾಕ್ಟ್ರನ್ನ ಕೇಳವ್ನೆ?” ಅಂದರಂತೆ.

ಅವಿನಾಶ್ ಮಾಡಿದ ಆ ರಾಮಚಂದ್ರ ಆಚಾರ್ಯರ ಪಾತ್ರ ನಮ್ಮ ನೋಟ್‌ಬುಕ್‌ನಲ್ಲಿ ಕೆಂಪು, ಹಸಿರು ಯಾವುದೂ ಇಲ್ಲದ ಸಾಲು. ಮಲಯಾಳಂನಲ್ಲಿ ತಿಲಕನ್ ಮಾಡಿದ ಬ್ರಹ್ಮದತ್ತನ್ ನಂಬೂದಿರಿಪ್ಪಾಡ್ ಹೇಗಿದ್ದಾರೋ ಹಾಗೇ ಬಂದಿದೆ. ಮಂತ್ರ ತಂತ್ರ ಬಲ್ಲವರೇ ಡಾಕ್ಟರ ಮಾತಿಗೆ ತಲೆಬಾಗಿ, ಪೂಜೆಯನ್ನು ಚಿಕಿತ್ಸೆಯ ರಂಗಸಜ್ಜಿಕೆ ಮಾಡಿಕೊಡೋದು. ಇದನ್ನು ಕತ್ತರಿಸೋದು ಬಹಳ ಸುಲಭ ಇತ್ತು. ಆಚಾರ್ಯರನ್ನು ಕಾಮಿಡಿ ಮಾಡಿ ಡಾಕ್ಟರನ್ನು ಗೆಲ್ಲಿಸಬಹುದಿತ್ತು, ಇಲ್ಲವೇ ಡಾಕ್ಟರನ್ನು ಸೋಲಿಸಿ ಆಚಾರ್ಯರಿಂದ ದೆವ್ವ ಓಡಿಸಬಹುದಿತ್ತು. ಎರಡೂ ಮಾಡಿದ್ದರೆ ಅಜ್ಜಿಗೆ ಆ ದಿನ ಹೇಳೋಕೆ ಮಾತೇ ಇರ್ತಿರಲಿಲ್ಲ. ದೇವರನ್ನು ಬಿಡಿ ಅಂದರೆ ಆ ಮನೆಯಲ್ಲಿ ಯಾರೂ ಕೇಳ್ತಿರಲಿಲ್ಲ. ದೇವರ ಕಡೆಯವರೇ ಡಾಕ್ಟರನ್ನು ಕೇಳ್ತಾರೆ ಅಂದರೆ ಕೇಳಿಸಿಕೊಂಡರು.

ಪೂರ್ತಿ ಅಲ್ಲ. ಬೀಗಿತ್ತಿ ಕೂಡ ಅದೇ ಸಿನಿಮಾ ನೋಡಿದ್ದರು. “ಹಂಗಾದ್ರೆ ಆ ಹಾವು ಏನು? ಡಾಕ್ಟ್ರು ಅದಕ್ಕೆ ಔಷಧಿ ಕೊಟ್ರಾ?” ಅಂತ ತಿರುಗಿ ಕೇಳಿದರಂತೆ. ಅಜ್ಜಿ ಇದನ್ನು ನಮಗೆ ನಗ್ತಾ ಹೇಳಿದರು. ನಾವು ನೋಟ್‌ಬುಕ್ ಮುಚ್ಚಿ ಮುಖ ಮುಖ ನೋಡ್ಕೊಂಡ್ವಿ. ಬೆಳಗಿಂದ ಹಸಿರು ಪೆನ್ನಲ್ಲಿ ಸುತ್ತು ಹಾಕಿದ್ದ ಸಾಲನ್ನು ಆ ಹೆಂಗಸು ನಮಗಿಂತ ಎಷ್ಟೋ ವರ್ಷ ಮುಂಚೆ ಹಿಡಿದುಹಾಕಿದ್ದರು. ಚಿತ್ರಕಥೆಯಿಂದ ಉಳಿಸಿಕೊಂಡ ಸೀನು ಚಿಕ್ಕಮ್ಮನನ್ನು ತುಮಕೂರಿನ ಡಾಕ್ಟರ ಕಡೆ ಎಳೀತಿತ್ತು, ಹೊರಗಿಂದ ಸೇರಿಸಿದ ಸೀನು ಅಮಾವಾಸ್ಯೆ ಕಡೆ. ಒಂದೇ ಸಿನಿಮಾ, ಒಂದೇ ಹಜಾರದಲ್ಲಿ ಎರಡು ಪಕ್ಷದ ವಕೀಲಿ ಮಾಡಿತ್ತು.

ಅಜ್ಜಿ ಗೆದ್ದರು. ಹಾವಿಗೆ ಉತ್ತರ ಕೊಟ್ಟು ಅಲ್ಲ, “ಹಾವು ಇದ್ರೆ ಇರ್ಲಿ, ಮಗು ಹಾಲಿಗೆ ಅಳ್ತಾ ಐತೆ, ನಡೀರಿ” ಅಂತ ಕೈಹಿಡಿದು ಹೊರಡಿಸಿ. ಡಾಕ್ಟರು ಇದು ಬಾಣಂತಿಯರಲ್ಲಿ ಕೆಲವರಿಗೆ ಬರೋ ಕಾಯಿಲೆ, ತಡ ಮಾಡಿದ್ದೀರಿ, ಆದರೂ ವಾಸಿಯಾಗುತ್ತೆ ಅಂದರು. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದೂವರೆ. ನಾಲ್ಕನೇ ದಿನ ನಿದ್ದೆ ಬಂತು. ಗೋಡೆಯ ಮಾತು ನಿಲ್ಲೋಕೆ ತಿಂಗಳುಗಳೇ ಹಿಡಿದವು.

ಸಿನಿಮಾಗಳ ಮುಂದಿನ ಕಥೆ ನಮಗೆ ಇಲ್ಲಿಂದ ಬೇರೆ ಥರ ಕಾಣಿಸೋಕೆ ಶುರುವಾಯ್ತು. 2010ರಲ್ಲಿ, ವಿಷ್ಣು ತೀರಿಕೊಂಡ ಮೇಲೆ, ‘ಆಪ್ತರಕ್ಷಕ’ ಬಂತು. ಅದರಲ್ಲಿ ಆ ರಾಜ ಇನ್ನೂ ಬದುಕೇ ಇದ್ದಾನೆ. ಅಂದರೆ 2004ರಲ್ಲಿ ಬಿಟ್ಟಿದ್ದ ಕಿಂಡಿ ಈಗ ಬಾಗಿಲಾಗಿದೆ. ಹಿಂದಿಯಲ್ಲೂ ಅಷ್ಟೇ. 2022ರ ‘ಭೂಲ್ ಭುಲಯ್ಯಾ 2’ರಲ್ಲಿ ದೆವ್ವ ನಿಜವಾದ ದೆವ್ವವೇ. ದೆವ್ವ ಇಲ್ಲ ಅಂತ ಸಾಬೀತು ಮಾಡೋಕೆ ಬರೆದ ಚಿತ್ರಕಥೆಯ ಮರಿಗಳೆಲ್ಲ ಒಂದೊಂದಾಗಿ ದೆವ್ವದ ಕಡೆ ಸೇರಿಕೊಂಡವು. ಟಿಕೆಟ್ ಲೆಕ್ಕದಲ್ಲಿ ಅದು ಸರಿ ಇರಬಹುದು. 1979ರ ‘ನಾ ನಿನ್ನ ಬಿಡಲಾರೆ’ ದೆವ್ವದ ಸಿನಿಮಾ ಅಂತಲೇ ಬಂತು, ದೆವ್ವದ ಸಿನಿಮಾ ಆಗಿಯೇ ಉಳೀತು. ಅನಂತ್‌ನಾಗ್ ನೋಡಿ ಹೆದರಿದ ನಮ್ಮ ಅಪ್ಪ ಅಮ್ಮಂದಿರು ಅದನ್ನು ಯಾರ ಕಾಯಿಲೆಗೂ ಸಾಕ್ಷಿ ಮಾಡಿಕೊಳ್ಳಲಿಲ್ಲ. ಅದರ ಮೇಲೆ ನಮಗೆ ತಕರಾರಿಲ್ಲ. ಡಾಕ್ಟರ್ ಇರೋ ಸಿನಿಮಾಕ್ಕೆ ಆ ಸ್ವಾತಂತ್ರ್ಯ ಸ್ವಲ್ಪ ಕಮ್ಮಿ ಅಂತ ನಮ್ಮ ಅನಿಸಿಕೆ.

ಪಕ್ಕದ ರೂಮಿನವರಿಗೆ ಉತ್ತರ ಹೇಳಬೇಕಲ್ಲ: ಹೌದು, ಆಪ್ತಮಿತ್ರ ಬಹುಪಾಲು ಸೀನ್ ಟು ಸೀನ್. ಎಲ್ಲಿ ಸೀನ್ ಟು ಸೀನ್ ಇದೆಯೋ ಅಲ್ಲೇ ಅದು ನಮ್ಮದು. ನೀವು ಕಾಪಿ ಅಂತ ಬೈಯೋ ಭಾಗವನ್ನೇ ಕಡಬದ ಒಬ್ಬ ಅಜ್ಜಿ ಎತ್ತಿ ಕೆಲಸಕ್ಕೆ ಹಚ್ಚಿಕೊಂಡಿದ್ದು. ಒರಿಜಿನಲ್ ಅಂತ ನಾವು ಎದೆ ತಟ್ಟಿಕೊಳ್ಳಬಹುದಾದ ಹಾವು, ರಾಜ ಇವುಗಳ ಬಗ್ಗೆ ಬೀಗಿತ್ತಿಯನ್ನು ಕೇಳಿ.

ಕ್ಲೈಮ್ಯಾಕ್ಸ್ ಬಂದಾಗ ಚಿಕ್ಕಮ್ಮ ಹೂ ಕಟ್ಟೋದು ನಿಲ್ಲಿಸಿ ನೋಡ್ತಿದ್ದರು. ನಾಗವಲ್ಲಿಯ ಆವೇಶ ಮುಗೀತು. ಗಂಗಾ ಒಂದೇ ರಾತ್ರಿಗೆ ವಾಸಿಯಾಗಿ ನಕ್ಕಳು. ನಾವು ಚಿಕ್ಕಮ್ಮನ ಮುಖ ನೋಡೋಕೆ ಹೆದರಿ ಟಿವಿ ಕಡೆನೇ ನೋಡ್ತಾ ಇದ್ವಿ. ಅವರಿಗೆ ಬೇಜಾರೇನೂ ಆದ ಹಾಗಿರಲಿಲ್ಲ. ಸ್ವಲ್ಪ ಹೊತ್ತು ಕಾದು ಕೇಳಿದರು:

“ಅಷ್ಟೇನಾ? ಮಾತ್ರೆ ಬರ್ಕೊಡ್ಲಿಲ್ವಾ ಆಯಪ್ಪ?”

ನೋಟ್‌ಬುಕ್ ತೆಗೆದು ಎರಡೂ ಕಾಲಂ ಮೇಲಿಂದ ಕೆಳಗೆ ಹುಡುಕಿದ್ವಿ. ಎಡಗಡೆ ಇರಲಿಲ್ಲ, ಬಲಗಡೆಯೂ ಇರಲಿಲ್ಲ.